ನಾಲ್ಕನೇ ಅಚ್ಚು

ಮತ್ತೆ ಅದೇ ಮೂಗು, ಹೆಬ್ಬೆರಳು ತಾನಾಗಿಯೇ ಜಾರಿ ಅದೇ ಮೂಗನ್ನು ಎಬ್ಬಿಸಿಬಿಟ್ಟಿತು, ನಾನು ಹೇಳಲೇ ಇಲ್ಲ, ಹಸಿ ಜೇಡಿಮಣ್ಣು ತಣ್ಣಗೆ ಉಗುರಸಂದಿಗೆ ಇಳಿಯುತ್ತಿದೆ, ಕಿಟಕಿಯಾಚೆ ಯಾರೋ ಸೈಕಲ್ ಬೆಲ್ ಹೊಡೆಯುತ್ತಿದ್ದಾರೆ, ಹೊಡೆಯಲಿ — ಇದು ನನ್ನ ಹೆಂಡತಿಯ ಮೂಗಲ್ಲ, ನಾಲ್ಕನೇ ಅಚ್ಚಿನ ಮೂಗು, ಹಲಗೆಯ ಮೇಲೆ ಸಾಲಾಗಿ ಕೂತಿವೆ ಒಂಬತ್ತು ಅಚ್ಚುಗಳು, ಒಂದೊಂದಕ್ಕೂ ನನ್ನದೇ ಕೈಬರಹದ ಚೀಟಿ, ಗಂಡಸು ದಪ್ಪ ಗಂಭೀರ, ಗಂಡಸು ಸಣಕಲು ಕನ್ನಡಕ, ಹೆಂಗಸು ಶಾಂತ, ಸತ್ತವರ ಫೋಟೊ ಹಿಡಿದು ಬಂದವರಿಗೆಲ್ಲ ಮೂವತ್ತೊಂದು ವರ್ಷ ಇವುಗಳಲ್ಲೇ ಒಂದಕ್ಕೆ ಪ್ಲಾಸ್ಟರ್ ಹೊಯ್ದು, ಗಲ್ಲ ಕೊಂಚ ತೀಡಿ, ಮಚ್ಚೆ ಇದ್ದರೆ ಮಚ್ಚೆ ಇಟ್ಟು ಮೂರ್ತಿ ಮಾಡಿಕೊಟ್ಟೆ, ಅವರೂ ಅತ್ತು ಒಯ್ದರು, ಒಬ್ಬರೂ ಇದು ನಮ್ಮವರಲ್ಲ ಅನ್ನಲಿಲ್ಲ, ಓರೆಗಣ್ಣು ನೇರ ಮಾಡಿದೆ, ಉಬ್ಬುಹಲ್ಲಿನ ಬಾಯಿ ಮುಚ್ಚಿಸಿದೆ, ಬಾಗಿಲ ಹತ್ತಿರ ಬಟಾಣಿ ಸುಲಿಯುತ್ತ ಕೂತ ನನ್ನ ಹೆಂಡತಿ ನಗುತ್ತಿದ್ದಳು, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ನೀವು, ಸತ್ತ ಹೆಂಗಸರೆಲ್ಲ ನನ್ನ ಥರಾನೇ ಇದಾರಲ್ರೀ, ನಾನಿನ್ನೂ ಬದುಕಿದೀನಿ ಅಂತ ಯಾರಿಗಾದ್ರೂ ಹೇಳಿ — ಹೌದು, ನಾಲ್ಕನೆಯದು ಅವಳದೇ, ಮದುವೆಯಾದ ವರ್ಷ ಮೂಗಿಗೆ ಎರಡು ಕೊಳವೆ ಇಟ್ಟು, ಮುಖಕ್ಕೆ ಎಣ್ಣೆ ಸವರಿ, ಪ್ಲಾಸ್ಟರ್ ಸುರಿದಾಗ ಅಲುಗಾಡದೆ ಮಲಗಿದ್ದಳು, ಕೈ ಮಾತ್ರ ನನ್ನ ಅಂಗಿಯ ಚುಂಗು ಹಿಡಿದಿತ್ತು, ಅದಾದ ಮೇಲೆ ಅವಳನ್ನು ನೋಡುವ ಅಗತ್ಯವೇ ಬೀಳಲಿಲ್ಲ, ಅಚ್ಚು ಇತ್ತಲ್ಲ.

ಅಪ್ಪ, ಅಮ್ಮನ್ನ ಕೊನೇಲಿ ಇದ್ದ ಹಾಗೇ ಮಾಡು, ಆ ಶಾಂತದ್ದು ಬೇಡ, ಮಗಳು ಬೆಳಿಗ್ಗೆ ಹೇಳಿದ್ದು, ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ, ಅಮ್ಮ ನಿನ್ನ ಹತ್ರ ಕೇಳಿದ್ದು ಅದೊಂದೇ — ಗೊತ್ತು ಕಣಮ್ಮ, ಲಕ್ವ ಹೊಡೆದು ಎಡಗೆನ್ನೆ ಜೋತುಬಿದ್ದ ಮೇಲೆ ಇದೇ ಸ್ಟೂಲಿನ ಮೇಲೆ ಬಂದು ಕೂತಳು, ನಾಲಿಗೆ ತೊದಲುತ್ತಿತ್ತು, ರೀ, ಈಗ ಇರೋ ಹಾಗೇ ಒಂದ್ಸಲ ನನ್ನ ಮಾಡ್ತೀರಾ, ನಾನು ತಲೆಯೆತ್ತದೆ ಏಳನೇ ಅಚ್ಚಿನ ಅಂಚು ಉಜ್ಜುತ್ತ, ಸೊಟ್ಟ ಮುಖಾನ ಯಾರು ಮಾಡ್ತಾರೆ, ಮಾಡಿದ್ರೂ ನೇರ ಮಾಡೇ ಮಾಡ್ತೀನಿ ಬಿಡು ಅಂದೆ, ತಮಾಷೆಗೆ ಅಂದದ್ದು, ತಮಾಷೆ ಏನು ಬಂತು, ಮನಸಾರೆ ಅಂದದ್ದು, ಅವತ್ತಿನಿಂದ ನಾನು ಕೋಣೆಗೆ ಬಂದರೆ ಸಾಕು, ಅವಳ ಬಲಗೈ ಮೇಲೇರಿ ಎಡಗೆನ್ನೆ ಮುಚ್ಚುತ್ತಿತ್ತು, ಚಹಾ ಆರಿಹೋಗುತ್ತಿತ್ತು, ಕೈ ಇಳಿಯುತ್ತಿರಲಿಲ್ಲ, ಎರಡು ವರ್ಷ ಒಂದು ಫೋಟೊ ತೆಗೆಸಲಿಲ್ಲ, ಮಗಳೆದುರು ಮಾತ್ರ ಕೈ ಬಿಟ್ಟು ನಗುತ್ತಿದ್ದಳಂತೆ, ನನಗೋ ಆ ಕೈ ಹಾಯೆನಿಸಿತು, ನಿಜ ಹೇಳಬೇಕು, ಹಾಯೆನಿಸಿತು, ಕೊನೆಗೆ ಆಸ್ಪತ್ರೆಯಲ್ಲಿ ನರ್ಸ್ ಬಿಳಿ ಬಟ್ಟೆ ಸರಿಸಿ, ನೋಡಿ ಅಂದಾಗ ಗೋಡೆ ನೋಡಿದೆ, ಗೋಡೆಯಲ್ಲೊಂದು ಮೊಳೆ ಇತ್ತು, ಆ ಮೊಳೆಯನ್ನು ಬೇಕಾದರೆ ಈಗಲೂ ಮಾಡಿಕೊಡಬಲ್ಲೆ.

ನಾಲ್ಕನೆಯದನ್ನು ಎತ್ತಿ ನೆಲಕ್ಕೆ ಬಿಟ್ಟೆ, ಮಗಳು ಬೆಚ್ಚಿದಳು, ಚೂರಾಯಿತು, ಹೆಂಗಸು ಶಾಂತ ಅನ್ನುವ ಚೀಟಿ ಮಗುಚಿ ಬಿತ್ತು, ಒಡೆದದ್ದು ಹಲಗೆಯ ಮೇಲಿನದು, ಬೆರಳೊಳಗಿನದು ಹಾಗೇ ಇದೆ, ಮಣ್ಣಿನ ಮೂಗನ್ನು ತಂತಿಯಲ್ಲಿ ಕೊಯ್ದು ಹಾಕಿದೆ, ಹಣೆಯನ್ನೂ ಕೊಯ್ದೆ, ಇನ್ನು ಮುಖ ಅನ್ನಬೇಡ, ಹೆಂಗಸು ಅನ್ನಬೇಡ, ಹೆಂಡತಿ ಅಂತಲೂ ಅನ್ನಬೇಡ, ಏನು ಬರುತ್ತದೋ ಬರಲಿ ಅಂತ ನನಗೆ ನಾನೇ ಹೇಳಿ ಕಣ್ಣು ಮುಚ್ಚಿದೆ, ಕೈ ಮೊದಲ ಸಲ ತಡವರಿಸಿತು, ಆಮೇಲೆ ಹೊರಟಿತು, ನಿಲ್ಲಲೇ ಇಲ್ಲ, ಗಂಟುಗಂಟು ಏನೋ ಏಳುತ್ತಿದೆ, ಕಿರುಬೆರಳ ಡೊಂಕು, ಹೆಬ್ಬೆರಳಲ್ಲಿ ಕತ್ತಿ ತಾಗಿದ ಗೆರೆ, ಮಣಿಕಟ್ಟಿನ ಮೂಳೆ, ಎಲ್ಲ ಸರಿಯಾಗಿ ಬರುತ್ತಿದೆ, ಇಷ್ಟು ಸರಿಯಾಗಿ ಜನ್ಮದಲ್ಲಿ ಏನೂ ಬಂದಿರಲಿಲ್ಲ, ಕಣ್ಣು ಬಿಟ್ಟರೆ ಮಗಳು ಹತ್ತಿರ ಬಂದು ಬಗ್ಗಿ ನೋಡುತ್ತಿದ್ದಾಳೆ, ಅಮ್ಮನ ಕೈ, ಅಪ್ಪ, ಅಮ್ಮನದೇ, ಕೆಳಗಡೆ ಮುಖ ಯಾವಾಗ ಮಾಡ್ತೀಯ — ತುಟಿ ಎತ್ತ ಎಳೆದಿತ್ತಮ್ಮ, ಕೆಳಕ್ಕೋ ಪಕ್ಕಕ್ಕೋ, ಕಣ್ಣು ಪೂರ್ತಿ ಮುಚ್ಚುತ್ತಿತ್ತಾ, ನೀನು ಒಂದ್ಸಲಾನೂ ನೋಡೇ ಇಲ್ವಾ ಅಂದಳು ಮಗಳು, ಮೆಲ್ಲಗೆ ಅಂದಳು, ಆ ಮಣ್ಣಿನ ಬೆರಳುಗಳ ಸಂದಿಗೆ ಉಗುರು ಹಾಕಿ ಬಿಡಿಸಿದೆ, ಕೆಳಗೆ ಮಣ್ಣು, ಇನ್ನೂ ಆಳಕ್ಕೆ, ಬರೀ ಮಣ್ಣು, ಮೇಲೆ ಅವಳ ಕೈ, ಎಡಗೆನ್ನೆಯ ಮೇಲೆ ಅವಳ ಕೈ