ಬೆವರಿನ ಗುರುತು

"ನೀನು ಯಾರೋ ಏನೋ, ನಿನ್ನ ಕೈಯಿಂದ ನಾನು ತಿನ್ನಲ್ಲ. ನನ್ನ ಮಗಳು ಬರಲಿ" ಎಂದು ಅಮ್ಮ ಚಮಚವನ್ನು ತಳ್ಳಿದಳು. ಗಂಜಿ ಹೊದಿಕೆಯ ಮೇಲೆಲ್ಲ ಚೆಲ್ಲಿತು.

"ಅಮ್ಮಾ, ನಾನೇ! ನಿನ್ನ ಮಗಳೇ!" ಎಂದು ಅವಳು ಅಮ್ಮನ ಕಿವಿಗೆ ಬಾಯಿ ಹಚ್ಚಿ ಕೂಗಿದಳು. ಅಮ್ಮನನ್ನು ಬಿಟ್ಟು ಕಟ್ಟಡದವರಿಗೆಲ್ಲ ಕೇಳಿಸಿರಬೇಕು.

ಅಮ್ಮ ಕತ್ತು ಚಾಚಿ ಅವಳ ಭುಜ ಮೂಸಿದಳು, ತೋಳನ್ನು ಎತ್ತಿ ಕಂಕುಳು ಮೂಸಿದಳು. ಮತ್ತೆ ದಿಂಬಿಗೆ ಒರಗಿಕೊಂಡು ತಲೆಯಾಡಿಸಿದಳು. "ನಂದು ಅಂತ ಯಾರು ಬೇಕಾದ್ರೂ ಹೇಳ್ತಾರೆ ಕಣಮ್ಮ. ಒಳ್ಳೇ ಶರ್ಟು ಕಂಡ ತಕ್ಷಣ ನಂದೇ ನಂದೇ ಅಂತ ಎಷ್ಟು ಜನ ಕೈ ಚಾಚಿದಾರೆ ನನ್ನ ಮುಂದೆ. ಮೂಸಿ ನೋಡಿದ್ರೆ ತಾನೇ ಗೊತ್ತಾಗೋದು?"

ಅಮ್ಮ ಲಾಂಡ್ರಿಯಲ್ಲಿ ಬಟ್ಟೆ ವಿಂಗಡಿಸುತ್ತಿದ್ದವಳು. ಗಿರಾಕಿಗಳ ಬಟ್ಟೆಗೆ ಪಿನ್ನು ಹಾಕಿ ಸಿಕ್ಕಿಸಿದ ಚೀಟಿ ಎಷ್ಟೋ ಸಲ ಕಳಚಿ ಬೀಳುತ್ತಿತ್ತು. ಒಂದೇ ಥರದ ಬಿಳಿ ಶರ್ಟುಗಳು ರಾಶಿ ಬಿದ್ದಾಗ ಮಾಲೀಕ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ. ಅಮ್ಮ ಮಾತ್ರ ಕಾಲರನ್ನೂ ಕಂಕುಳ ಹೊಲಿಗೆಯನ್ನೂ ಮೂಗಿಗೆ ಹಿಡಿದು, ಇದು ಬ್ಯಾಂಕಿನವರದ್ದು, ಇದು ಮೂಲೆಮನೆ ಮೇಷ್ಟರದ್ದು ಎಂದು ಎತ್ತಿ ಎತ್ತಿ ಬೇರೆ ಮಾಡುತ್ತಿದ್ದಳು. ಮನೆಯಲ್ಲೂ ಆ ಮೂಗು ಸುಮ್ಮನಿರುತ್ತಿರಲಿಲ್ಲ. ಗಂಡನಿಗೆ ಅವಳಿಟ್ಟ ಹೆಸರು ಹಳೇ ಚಪ್ಪಲಿ. ಮಗನಿಗೆ ಒದ್ದೆ ಸುಣ್ಣ. ಮಗಳಿಗೆ ಮೈನೆರೆಯುವ ವಯಸ್ಸಾದಾಗ ಬೆವರಿನಲ್ಲಿ ಹುರಿದ ಮೆಂತ್ಯದ ವಾಸನೆ ಬಂತಂತೆ. ಅಂದಿನಿಂದ ಅವಳು ಮೆಂತ್ಯ. ನಿಜವಾದ ಹೆಸರು ಶಾಲೆಯ ಹಾಜರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬೇಕಾಗಲಿಲ್ಲ.

ಮೆಂತ್ಯಳಿಗೆ ಆ ಹೆಸರು ಕಂಡರೆ ಆಗುತ್ತಿರಲಿಲ್ಲ. ಅದು ಹೇಗೋ ಶಾಲೆಯವರೆಗೂ ಹೋಗಿ, ಅವಳು ಬಂದು ಕೂತರೆ ಬೆಂಚಿನ ಹುಡುಗಿಯರು ಮೂಗು ಹಿಡಿದುಕೊಳ್ಳುತ್ತಿದ್ದರು. ಮುಂದೆ ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿ ಸೇರಿದಳು. ರೋಗಿಯನ್ನು ಕುರ್ಚಿಯಲ್ಲಿ ಮಲಗಿಸಿ, ಅವರ ಮುಖದ ಮೇಲೆ ತೋಳು ಚಾಚಿ, ಬಾಯಲ್ಲಿ ಎಂಜಲು ಎಳೆಯುವ ಕೊಳವೆ ಹಿಡಿದು ನಿಲ್ಲಬೇಕಾದ ಕೆಲಸ. ಕಂಕುಳು ಸರಿಯಾಗಿ ರೋಗಿಯ ಮೂಗಿನ ನೇರಕ್ಕೆ ಬರುತ್ತದೆ. ಸೇರಿದ ಹೊಸದರಲ್ಲೇ ಡಾಕ್ಟರು ಏನೂ ಮಾತಾಡದೆ ಸಲಕರಣೆಯ ತಟ್ಟೆಯ ಪಕ್ಕದಲ್ಲಿ ಬೆವರು ತಡೆಯುವ ರೋಲಾನ್ ಒಂದನ್ನು ಇಟ್ಟು ಹೋಗಿದ್ದರು. ಅವಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತ್ತು. ಅವತ್ತಿನಿಂದ ಬೆಳಿಗ್ಗೆ ಒಂದು ಸಲ, ಸಂಜೆಯ ರೋಗಿಗಳು ಬರುವ ಮುಂಚೆ ಇನ್ನೊಂದು ಸಲ. ಜ್ವರ ಬಂದು ಮಲಗಿದ ದಿನವೂ ತಪ್ಪಿಸಲಿಲ್ಲ. ಮದುವೆಯಾಯಿತು, ಹೆತ್ತಳು, ಲಾರಿ ಓಡಿಸುವ ಗಂಡ ಊರೂರು ಸುತ್ತುತ್ತಾ ಅಪರೂಪಕ್ಕೆ ಮನೆಗೆ ಬರುವಂತಾದ. ಹುರಿದ ಮೆಂತ್ಯ ಯಾವಾಗ ಹೋಯಿತೆಂದು ಅವಳು ಗಮನಿಸಲೇ ಇಲ್ಲ. ಹೋದದ್ದಕ್ಕೆ ಖುಷಿಯೇ ಇತ್ತು.

ಅಣ್ಣನ ಮನೆಯಲ್ಲಿದ್ದ ಅಮ್ಮನನ್ನು ಅವಳು ಕರೆತರುವ ಹೊತ್ತಿಗೆ ಸಕ್ಕರೆ ಕಾಯಿಲೆ ಅಮ್ಮನ ಕಣ್ಣು ತಿಂದಿತ್ತು, ಬೆರಳ ತುದಿಗಳನ್ನು ಮರಗಟ್ಟಿಸಿತ್ತು. ಕಿವಿಗೆ ಕೂಗಿದರಷ್ಟೇ ಕೇಳುತ್ತಿತ್ತು, ಕೂಗುವಾಗ ಎಲ್ಲರ ದನಿಯೂ ಒಂದೇ. ನೆನಪು ಹಿಂದಕ್ಕೂ ಮುಂದಕ್ಕೂ ಓಲಾಡುತ್ತಿತ್ತು. ಉಳಿದದ್ದು ಮೂಗೊಂದೇ. ಆ ಮೂಗು ಮಗಳನ್ನು ಒಪ್ಪಲಿಲ್ಲ. ತನ್ನನ್ನು ಯಾರೋ ದುಡ್ಡಿಗೆ ನೋಡಿಕೊಳ್ಳುವ ಹೆಂಗಸಿನ ಕೈಗೆ ಒಪ್ಪಿಸಿ, ಮಗಳು ಬಂದು ಮುಖ ಕೂಡ ನೋಡುತ್ತಿಲ್ಲವೆಂದು ಅಮ್ಮನ ಕೊರಗು. ಬಾಯಿಗೆ ಹಾಕಿದ್ದನ್ನು ಉಗಿಯುತ್ತಿದ್ದಳು. ತೋಳು ಕಡ್ಡಿಯಾಗಿತ್ತು. "ನನ್ನ ಮೆಂತ್ಯಗೆ ನಾನು ಬೇಡವಾದ್ನಾ?" ಎಂದು ಮೆಂತ್ಯಳನ್ನೇ ಕೇಳಿ ಅಳುತ್ತಿದ್ದಳು. ಎದುರಿಗೇ ಕೂತು ಅದನ್ನು ಕೇಳಿಸಿಕೊಳ್ಳುವುದು ಯಾವ ವೈರಿಗೂ ಬೇಡ.

ದವಡೆ ಹಲ್ಲು ತೋರಿಸಲು ಬಂದಿದ್ದ ಚರ್ಮದ ಡಾಕ್ಟರೊಬ್ಬರನ್ನು, ದಿನಾ ರೋಲಾನ್ ಹಚ್ಚುವ ತನ್ನ ಬೆವರಿನ ಹಳೆಯ ವಾಸನೆ ಎಲ್ಲಿ ಹೋಯಿತೆಂದು ಅವಳು ಕೇಳಿದ್ದು ಈ ಸಂಕಟ ತಾಳಲಾರದೆ. ಮರಗಟ್ಟಿಸುವ ಇಂಜೆಕ್ಷನ್ ಹಿಡಿಯಲೆಂದು ಅವರು ಕಾಯುತ್ತಾ ಕೂತಿದ್ದರು. ಅರ್ಧ ತುಟಿ ಆಗಲೇ ಸೋತು ಜೊಲ್ಲು ಇಳಿಯುತ್ತಿತ್ತು, ಆದರೂ ತಮ್ಮ ವಿಷಯ ಬಂದದ್ದೇ ತಡ ಎದ್ದು ಕೂತರು.

"ಬೆವರಿಗೆ ವಾಸನೇನೇ ಇಲ್ಲಮ್ಮ. ಅದನ್ನ ತಿಂದು ಬದುಕೋ ಸೂಕ್ಷ್ಮಜೀವಿಗಳಿದಾವಲ್ಲ ಚರ್ಮದ ಮೇಲೆ, ವಾಸನೆ ಅವುಗಳ ಕೆಲಸ. ಒಬ್ಬೊಬ್ಬರ ಕಂಕುಳಲ್ಲಿ ಒಂದೊಂದು ಸಂಸಾರ. ನೀವು ದಿನಾ ಬೆವರಿಗೆ ಬಿರಡೆ ಹಾಕಿದ್ರೆ ಅವು ಏನು ತಿನ್ನಬೇಕು ಹೇಳಿ?"

"ಹಚ್ಚೋದು ಬಿಟ್ರೆ ವಾಪಸ್ ಬರ್ತಾವಾ ಸರ್?"

"ಬರ್ತಾವೆ. ಬೇಗಾನೇ ತುಂಬ್ಕೋತಾವೆ."

"ಅವೇ ಬರ್ತಾವಾ? ಮೊದಲಿದ್ದವೇ?"

ಡಾಕ್ಟರು ಟಿಶ್ಯೂನಿಂದ ಬಾಯಿ ಒರೆಸಿಕೊಂಡರು. "ಅದು ಹೇಳಕ್ಕಾಗಲ್ಲ. ಗಾಟು ವಾಸನೆ ಕೊಡೋವು ನಿಧಾನಕ್ಕೆ ಬೆಳೆಯೋ ಜಾತಿ. ಬೇಗ ಬೆಳೆಯೋವು ಬೇರೆ ಇದಾವೆ. ಜಾಗ ಖಾಲಿ ಸಿಕ್ರೆ ಅವು ನುಗ್ಗಿ ಕೂತ್ಬಿಡ್ತಾವೆ. ವರ್ಷಾನುಗಟ್ಟಲೆ ಹಚ್ಚಿದವರಲ್ಲಿ ಹಾಗಾಗೋದೇ ಜಾಸ್ತಿ."

ಅವಳ ಕಿವಿಗೆ ಬಿದ್ದದ್ದು 'ಬರ್ತಾವೆ' ಎಂಬುದೊಂದೇ. ಮಿಕ್ಕಿದ್ದನ್ನು ಆಸೆ ಕೇಳಿಸಿಕೊಳ್ಳಗೊಡಲಿಲ್ಲ.

ಅವಳು ಹಚ್ಚುವುದನ್ನು ಬಿಟ್ಟಳು. ತನ್ನನ್ನು ಕುರ್ಚಿಯ ಬಳಿಯಿಂದ ಹಿಂದಿನ ಕೋಣೆಗೆ ಹಾಕಿ, ಸಲಕರಣೆ ತೊಳೆದು ಕುದಿಸುವ ಕೆಲಸ ಸಾಕು ಎಂದು ಹಲ್ಲಿನ ಡಾಕ್ಟರನ್ನು ಕೇಳಿಕೊಂಡಳು. ಅವರಿಗೆ ಆಶ್ಚರ್ಯವಾದರೂ ಒಪ್ಪಿದರು. ಹಬೆಯ ಕೋಣೆಯಲ್ಲಿ ಬೆವರಿಗೇನೂ ಬರವಿಲ್ಲ. ಕೆಲಸದ ನಡುವೆ ಯಾರೂ ಇಲ್ಲದಾಗ ತೋಳು ಎತ್ತಿ ತನ್ನನ್ನು ತಾನೇ ಮೂಸಿಕೊಳ್ಳುವಳು. ಮೊದಮೊದಲು ಏನೂ ಇರಲಿಲ್ಲ. ಆಮೇಲೊಂದು ವಾಸನೆ ಬಂತು. ಬಂದ ದಿನ, ಬಸ್ಸಿನಲ್ಲಿ ಪಕ್ಕದವಳು ಸರಿದು ಕೂತದ್ದನ್ನು ಕಂಡು ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಶಾಲೆಯ ಬೆಂಚಿನಲ್ಲಿ ಅತ್ತಿದ್ದವಳು ಬಸ್ಸಿನ ಸೀಟಿನಲ್ಲಿ ನಗುತ್ತಾ ಬಂದಳು.

ಮುಖ ಕೂಡ ತೊಳೆಯದೆ ಮಂಚದ ಬಳಿ ಕೂತು ಅಮ್ಮನ ಮೂಗಿಗೆ ತೋಳು ಒಡ್ಡಿದಳು. ಅಮ್ಮ ಮೂಸಿದಳು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಮೂಸಿದಳು.

"ಹುಳಿ" ಎಂದಳು ಅಮ್ಮ. "ಹಿಂಡಿ ಹಾಗೇ ಮರೆತುಬಿಟ್ಟಿರೋ ಒದ್ದೆ ಬಟ್ಟೆ ಇದು. ನಮ್ಮ ಮನೇದಲ್ಲ." ಗಿರಾಕಿಗೆ ಬೇಜಾರಾಗಬಾರದೆಂಬಂತೆ ಮೆಲ್ಲಗೆ ಮಗಳ ತೋಳನ್ನು ಅವಳ ತೊಡೆಯ ಮೇಲೆ ಇಟ್ಟಳು.

ಆಮೇಲೂ ಅವಳು ಬಹಳ ದಿನ ಕಾದಳು. ಸೋಪು ಬದಲಾಯಿಸಿದಳು, ಸೋಪನ್ನೇ ಬಿಟ್ಟಳು, ಪೆಟ್ಟಿಗೆಯ ತಳದಿಂದ ಹಳೆಯ ರವಿಕೆ ತೆಗೆದು ಹಾಕಿಕೊಂಡಳು. ವಾಸನೆ ಗಾಢವಾಯಿತೇ ಹೊರತು ಬೇರೆಯಾಗಲಿಲ್ಲ. ಅವಳಿಗೇ ಅದು ಯಾರದೋ ಮೈಯಂತೆ ಅನಿಸುತ್ತಿತ್ತು. ಚರ್ಮದ ಡಾಕ್ಟರ ಮಿಕ್ಕ ಮಾತು ಆಗ ನೆನಪಾಯಿತು. ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಹೀಗೆ ಅವಳು ಕೈಚೆಲ್ಲಿ ಕೂತಿದ್ದ ಒಂದು ಸಂಜೆ, ಅವಳ ಮಗಳು ಪುಟ್ಟಿ ಆಟ ಮುಗಿಸಿ ಬೆವರು ಸುರಿಸುತ್ತಾ ಬಂದಳು. ಈಚೆಗೆ ಮೈನೆರೆದು, ಎತ್ತರದಲ್ಲಿ ಮೆಂತ್ಯಳನ್ನು ಮೀರಿಸಿದ್ದರೂ ಹೆಸರು ಪುಟ್ಟಿಯೇ. ಅಜ್ಜಿಯ ಮಂಚದಾಚೆ ಬಿದ್ದಿದ್ದ ಚಾರ್ಜರ್ ಎತ್ತಲು ಬಾಗಿ ಕೈ ಚಾಚಿದಳು. ಅಮ್ಮ ಆ ತೋಳನ್ನು ಗಪ್ಪನೆ ಹಿಡಿದಳು. ಒಂದೇ ಉಸಿರು ಎಳೆದುಕೊಂಡಳು. ಆ ಮುಖ ಹಾಗೆ ಅರಳಿದ್ದನ್ನು ಮೆಂತ್ಯ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

"ಬಂದೆಯಾ ಮೆಂತ್ಯ? ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ?"

ಪುಟ್ಟಿ ತಬ್ಬಿಬ್ಬಾಗಿ ತಾಯಿಯ ಕಡೆ ನೋಡಿದಳು. ಮೆಂತ್ಯ ಬಾಯಿಗೆ ಕೈ ಅಡ್ಡ ಹಿಡಿದು, ಹೂಂ ಅನ್ನು ಎಂದು ಸನ್ನೆ ಮಾಡಿದಳು. ಅವತ್ತು ಅಮ್ಮ ಬಟ್ಟಲು ಗಂಜಿಯನ್ನು ಪುಟ್ಟಿಯ ಕೈಯಿಂದ ತಿಂದಳು, ಇನ್ನೂ ಇದೆಯಾ ಎಂದು ಕೇಳಿದಳು. ಅಡುಗೆಮನೆಯಲ್ಲಿ ಇನ್ನೊಂದು ಬಟ್ಟಲು ತುಂಬುತ್ತಿದ್ದ ಮೆಂತ್ಯಳಿಗೆ ಅಮ್ಮ ಉಂಡಳಲ್ಲ ಎಂಬ ಸಮಾಧಾನದ ಬೆನ್ನಲ್ಲೇ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ತಾನು ಹೆತ್ತ ಹುಡುಗಿಯ ಮೇಲೇ ಹೊಟ್ಟೆಕಿಚ್ಚು. ಅದಕ್ಕಾಗಿ ನಾಚಿಕೆಯೂ ಆಯಿತು, ನಾಚಿಕೆಯಿಂದ ಕಿಚ್ಚೇನೂ ಆರಲಿಲ್ಲ.

ಅಲ್ಲಿಂದ ಪುಟ್ಟಿ ಶಾಲೆಯಿಂದ ಬಂದಮೇಲೆಯೇ ಅಮ್ಮನ ಊಟ. ಅಮ್ಮನ ಕೆನ್ನೆ ತುಂಬಿಕೊಂಡಿತು. ಆದರೆ ಹುಡುಗಿಯ ಮುಖ ದಿನದಿನಕ್ಕೆ ಸಣ್ಣಗಾಯಿತು. ಒಂದು ದಿನ ಚೀಲ ಬಿಸಾಡಿ ನಿಂತೇಬಿಟ್ಟಳು.

"ನಂಗೂ ರೋಲಾನ್ ಬೇಕು."

"ಈಗಲೇ ಯಾಕೆ ಪುಟ್ಟಿ? ಸ್ವಲ್ಪ ದಿನ ತಡಿ."

"ಯಾಕೆ ತಡೀಬೇಕು? ಶಾಲೆ ಬಸ್ಸಲ್ಲಿ ನಾನು ಕಂಬಿ ಹಿಡ್ಕೊಂಡ್ರೆ ಎಲ್ಲಾ ಕಿಟಕಿ ತೆಗೀತಾರೆ. ಅಜ್ಜಿಗೋಸ್ಕರ ನಾನು ನಾರಬೇಕಾ?"

ಮೆಂತ್ಯಳ ನಾಲಿಗೆಯ ತುದಿಯವರೆಗೆ ಒಂದು ಮಾತು ಬಂದಿತ್ತು: ಅಜ್ಜಿ ಇರುವಷ್ಟು ದಿನ ನಾರು, ಏನು ಗಂಟು ಹೋಗುತ್ತೆ? ಆದರೆ ಹುಡುಗಿಯ ಕಣ್ಣಲ್ಲಿ ನೀರಿತ್ತು. ಆ ನೀರಿನ ಉಪ್ಪು ಅವಳಿಗೆ ಗೊತ್ತಿತ್ತು. ಅವಳು ಬೀರುವಿನಿಂದ ಒಡೆಯದ ಒಂದು ರೋಲಾನ್ ತೆಗೆದು ಮಗಳ ಕೈಗೆ ಕೊಟ್ಟಳು. "ತಗೋ. ಅಜ್ಜಿ ನಿನ್ನ ಗುರುತು ಹಿಡೀದೆ ಇದ್ರೆ ಅದು ನಿನ್ನ ತಪ್ಪಲ್ಲ" ಎಂದಳು. ಅಮ್ಮ ಮತ್ತೆ ಬಾಯಿ ಬಿಗಿದು ಮಲಗುವುದು ಕಣ್ಣಿಗೆ ಕಟ್ಟಿದಂತಿತ್ತು.

ಮಾರನೆಯ ಬೆಳಿಗ್ಗೆ ಪುಟ್ಟಿ ಕನ್ನಡಿಯ ಮುಂದೆ ನಿಂತು ಬಲಗಡೆ ಹಚ್ಚಿಕೊಂಡು ಮುಚ್ಚಳ ತಿರುಗಿಸಿದಳು.

"ಇನ್ನೊಂದು ಕಡೆ?"

"ಕಂಬಿ ಬಲಗೈಯಲ್ಲಿ ಹಿಡ್ಕೋತೀನಿ. ಎಡಗೈ ಎತ್ತಲ್ಲ. ಅದು ಅಜ್ಜಿಗೆ." ಪುಟ್ಟಿ ಕನ್ನಡಿಯಲ್ಲೇ ಮುಖ ಊದಿಸಿದಳು. "ಯಾರಿಗಾದ್ರೂ ಹೇಳಿದ್ರೆ ನೋಡು ಮತ್ತೆ."

ಮೆಂತ್ಯ ನಕ್ಕಳು. ನಗು ಎಲ್ಲೋ ಜಾರಿ ಅಳುವಾಯಿತು. ಹುಡುಗಿ "ಅಯ್ಯೋ, ಬೆಳಿಗ್ಗೆ ಬೆಳಿಗ್ಗೆನೇ ಶುರುನಾ" ಎಂದು ಗೊಣಗುತ್ತಾ ಹೋದಳು.

ರಜೆಯ ದಿನ. ಮಧ್ಯಾಹ್ನದ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಪುಟ್ಟಿ ತನ್ನ ಎಡಗಡೆಗೆ ಅಜ್ಜಿ ಬರುವಂತೆ ಕೂತು ಗಂಜಿ ತಿನ್ನಿಸುತ್ತಿದ್ದಳು. ಮೆಂತ್ಯ ಮಂಚದ ಇನ್ನೊಂದು ಬದಿಯಲ್ಲಿ ಮೊಣಕಾಲೂರಿ, ಅಮ್ಮನ ಪಾದದ ಗಾಯಕ್ಕೆ ಔಷಧಿ ಹಚ್ಚಿ ಬಟ್ಟೆ ಸುತ್ತುತ್ತಿದ್ದಳು. ಅಮ್ಮ ಎರಡು ತುತ್ತಿನ ನಡುವೆ ಪುಟ್ಟಿಯ ಕಡೆ ಬಾಗಿ, ಗುಟ್ಟು ಹೇಳುತ್ತಿದ್ದೇನೆಂದುಕೊಂಡು ಮನೆಯೆಲ್ಲ ಕೇಳುವಂತೆ ಮಾತಾಡಿದಳು.

"ಮೆಂತ್ಯ, ಆ ಹೆಂಗಸು ಒಳ್ಳೆಯವಳು ಕಣೇ. ನಾನು ಎಷ್ಟು ಬೈದೆ, ಎಷ್ಟು ತಳ್ಳಿದೆ, ಒಂದು ದಿನ ಎದುರು ಮಾತಾಡಲಿಲ್ಲ. ಹೇಸಿಗೆ ಪಡದೆ ಎಲ್ಲಾ ಬಳೀತಾಳೆ."

ಪುಟ್ಟಿ ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಪಾಪ, ಅವಳಿಗೂ ಎಲ್ಲೋ ಒಬ್ಬಳು ಅಮ್ಮ ಇರಬೇಕಲ್ವಾ? ಇಲ್ಲಿ ನನ್ನ ಹತ್ರ ಬಿದ್ದಿದಾಳೆ, ಅಲ್ಲಿ ಅವಳು ದಾರಿ ನೋಡ್ತಿರ್ತಾಳೆ. ನನಗೆ ಆ ಸಂಕಟ ಗೊತ್ತು. ಒಂದು ದಿನ ರಜೆ ಕೊಡೇ. ಹೋಗಿ ನೋಡ್ಕೊಂಡು ಬರಲಿ."

ಪುಟ್ಟಿ ತಾಯಿಯ ಮುಖ ನೋಡಿದಳು. ಮೆಂತ್ಯ ಬಟ್ಟೆಯ ಗಂಟು ಹಾಕುತ್ತಿದ್ದ ಬೆರಳುಗಳನ್ನು ನೋಡುತ್ತಲೇ, ಆಯಿತು ಎಂದು ತಲೆಯಾಡಿಸಿದಳು.

"ಕೊಡ್ತೀನಿ" ಎಂದು ಪುಟ್ಟಿ ಅಜ್ಜಿಯ ಕಿವಿಗೆ ಕೂಗಿದಳು.

ಅಮ್ಮ ಮುಂದಕ್ಕೆ ಬಾಗಿ, ಕೈ ಚಾಚಿ ತಡಕಾಡಿ ಮೆಂತ್ಯಳ ತಲೆಯನ್ನು ಮುಟ್ಟಿದಳು. ಮರಗಟ್ಟಿದ ಅಂಗೈ ಕೂದಲ ಮೇಲೆ ಸ್ವಲ್ಪ ಹೊತ್ತು ಇತ್ತು. "ಹೋಗಿ ಬಾರಮ್ಮ. ಕೇಳಿಸ್ತಲ್ಲ? ನನ್ನ ಮಗಳು ಬಂದಿದಾಳೆ, ಇನ್ನು ನನಗೇನೂ ಚಿಂತೆ ಇಲ್ಲ. ನೀನು ನಿನ್ನ ಅಮ್ಮನ್ನ ನೋಡು ಹೋಗು."

ಮೆಂತ್ಯ ಎದ್ದಳು. ಬಾಗಿಲ ಚಿಲಕ ತೆಗೆದು ಪೂರ್ತಿ ತೆರೆದಳು, ಹೊರಗಿನ ಗಾಳಿ ಮಂಚದವರೆಗೆ ಬೀಸಿತು. ಮತ್ತೆ ಗೋಡೆ ಅದುರುವಂತೆ ಬಾಗಿಲು ಹಾಕಿದಳು.

"ಹೋದಳಾ?" ಎಂದಳು ಅಮ್ಮ.

"ಹೂಂ, ಹೋದಳು" ಎಂದು ಪುಟ್ಟಿ ಅವಳ ಕಿವಿಗೆ ಕೂಗಿದಳು.

ಅಮ್ಮ ಬಾಯಿ ತೆರೆದಳು. ಪುಟ್ಟಿ ಮುಂದಿನ ಚಮಚ ಇಟ್ಟಳು. ಬಾಗಿಲಿನ ಒಳಗಡೆ, ಚಪ್ಪಲಿಗಳ ಪಕ್ಕದಲ್ಲಿ, ಬರಿಗಾಲಲ್ಲಿ ನಿಂತಿದ್ದ ಮೆಂತ್ಯ ಬಟ್ಟಲು ಖಾಲಿಯಾಗುವುದನ್ನು ನೋಡುತ್ತಿದ್ದಳು.