ಪಾಂಗ್‌ನ ಗೋಡೆ

ಹೊಟ್ಟೆಕಿಚ್ಚಿಗೆ ಯಾರೂ ಸಾಯುವುದಿಲ್ಲ. ಸಾಯುವಂತಿದ್ದರೆ ನಾನು ಮೂವತ್ತೈದು ವರ್ಷದ ಹಿಂದೆಯೇ ಸಾಯಬೇಕಿತ್ತು.

ಚೀನಾದ ಹೆನಾನ್ ಪ್ರಾಂತ್ಯದ ನಮ್ಮ ಊರಿನ ಗೋಡೆಗಳಿಗೆ ಸರ್ಕಾರದ ಮಾತು ಬರೆಯುವವನು ನಾನೇ. 'ಒಂದೇ ಮಗು, ಎರಡು ಬೇಡ' ಎಂದು ನೆರೆಮನೆ ಪಾಂಗ್‌ನ ಗೋಡೆಗೆ ಬರೆದವನೂ ನಾನೇ. ಅವನಿಗೆ ಆಗಲೇ ಒಬ್ಬ ಮಗನಿದ್ದ. ನಾನು ಬರೆಯುತ್ತಿದ್ದಾಗ ಗೋಡೆಯಾಚೆ ಎಳೆಗೂಸೊಂದು ಅತ್ತಿತು. ಬಚ್ಚಿಟ್ಟ ಎರಡನೆಯದು! ಜೊತೆಗಿದ್ದ ಅಧಿಕಾರಿ ಕಿವಿ ನಿಮಿರಿಸಿದ.

"ಬೆಕ್ಕು ಮರಿ ಹಾಕಿದೆ ಸಾಹೇಬ್ರೇ," ಅಂದೆ. ನಂಬಿದ.

ಅದೇ ತಿಂಗಳು ನನ್ನ ಹೆಂಡತಿಯೂ ಎರಡನೇ ಸಲ ಬಸುರಿ. ಸರ್ಕಾರದ ಕುಂಚ ಹಿಡಿದವನ ಮನೆಯಲ್ಲೇ ಎರಡಾದರೆ ಕೆಲಸ ಉಳಿದೀತೇ? ಪಾಂಗ್‌ನ ಮಗುವಿಗಾಗಿ ಸುಳ್ಳು ಹೇಳಿದ ಬಾಯಿ ನನ್ನದಕ್ಕೆ ಬೀಗ ಹಾಕಿಕೊಂಡಿತು. ಬಸಿರು ತೆಗೆಸಲು ಆಸ್ಪತ್ರೆಗೆ ಅವಳನ್ನು ನಾನೇ ಸೈಕಲ್ ಮೇಲೆ ಕೂರಿಸಿಕೊಂಡು ಹೋದೆ. ಬರುವಾಗ ಅವಳು ಸೈಕಲ್ ಹತ್ತಲಿಲ್ಲ, ನಡೆದೇ ಬಂದಳು.

ಇರುವ ಒಬ್ಬಳೇ ಮಗಳು ಇದೇ ಬೀದಿಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಮದುವೆಯ ಮಾತೆತ್ತಿದರೆ ಕತ್ತರಿ ತೋರಿಸುತ್ತಾಳೆ.

ಈಗ ಸರ್ಕಾರ ಮಗ್ಗುಲು ಬದಲಿಸಿದೆ. ಹೋದ ವಾರ ಕಚೇರಿಯ ಹೊಸ ಹುಡುಗಿ ಬಂದು, "ತಾತ, ಅದೇ ಗೋಡೆ. 'ಮೂರು ಮಕ್ಕಳು, ಮನೆ ತುಂಬ ನಗು' ಅಂತ ಬರೀರಿ," ಎಂದಳು. ಬರೆಯಲು ಹೋದ ದಿನವೇ ಪಾಂಗ್‌ನ ಮನೆಯಲ್ಲಿ ಮೊಮ್ಮಗುವಿಗೆ ತಿಂಗಳು ತುಂಬಿದ ಔತಣ. ಅಂದಿನ 'ಬೆಕ್ಕಿನ ಮರಿ' ಯೆನ್‌ಲಿಂಗ್‌ಗೆ ಇದು ಮೂರನೆಯದು. ಅವಳ ಎದೆಯ ಮೇಲೆ ಕಚೇರಿಯವರು ಸಿಕ್ಕಿಸಿದ ಕೆಂಪು ಹೂವು.

ಪಾಂಗ್ ಕೆಂಪು ಬಣ್ಣ ಹಚ್ಚಿದ ಮೊಟ್ಟೆಗಳ ಬುಟ್ಟಿ ಹಿಡಿದು ಏಣಿಯ ಬುಡಕ್ಕೇ ಬಂದ.

"ಕೌ ಅಣ್ಣ, ಅಕ್ಷರ ದಪ್ಪಗಿರ್ಲಿ. ನಮ್ಮನೆ ವಿಷ್ಯ ನೋಡು!"

"ದಪ್ಪಗಿರೋದು ನಿನ್ ನಾಲಿಗೆ. ಅತ್ಲಾಗ್ ನಿಲ್ಲು."

"ಉರೀತಿದ್ಯಾ?"

"ಉರೀದೆ ಇರತ್ತಾ? ನಿಂಗೆ ಐದು ಮೊಮ್ಮಕ್ಕಳು. ನಂಗೆ, ಒಂದೇ ಹೆತ್ತಿದ್ದಕ್ಕೆ ಕೊಟ್ಟ ಪ್ರಶಸ್ತಿಪತ್ರ. ಅದೂ ಗೆದ್ದಲು ತಿಂದಿದೆ."

ಯೆನ್‌ಲಿಂಗ್ ಮಗುವನ್ನೆತ್ತಿಕೊಂಡು ಬಂದಳು. "ದೊಡ್ಡಪ್ಪ, ಬೆಕ್ಕು ಅಂದಿದ್ದು ನೀವೇ ಅಂತೆ. ಇಳೀರಿ, ಎತ್ಕೊಳ್ಳಿ ಇವನ್ನ."

ಎತ್ತಿಕೊಂಡೆ. ಹಬೆಯಲ್ಲಿ ಬೆಂದ ರೊಟ್ಟಿಯಷ್ಟು ಬೆಚ್ಚಗಿತ್ತು. ಅವಳು ಎರಡು ಸಲ ಕೈ ಚಾಚಿದಳು, ನಾನು ಕಾಣದವನಂತಿದ್ದೆ. ಡಬ್ಬಿಯ ಬಣ್ಣ ಕೆನೆಗಟ್ಟಿತು. ಸೀದಾ ನಮ್ಮ ಮನೆ ಬಾಗಿಲಿಗೆ ನಡೆದೆ. ಹೆಂಡತಿ ಹಿಟ್ಟು ನಾದುತ್ತಿದ್ದಳು.

"ನೋಡೇ ಇಲ್ಲಿ," ಅಂದೆ.

ಬಹಳ ಹೊತ್ತು ನೋಡಿದಳು. ಕೈ ಒರೆಸಿಕೊಂಡು ಮಗುವಿನ ಟೋಪಿ ಸರಿಮಾಡಿದಳು.

"ಅವ್ರದ್ದು," ಅಂದಳು. "ಕೊಟ್ಟು ಬಾ."