ಚುಚ್ಚಿದ್ದು ಹೊಲಿಗೆಯಲ್ಲ

ಬಸ್ ಚಾಲಕ ಅದೇ ಅಂಗಿಯನ್ನು ಮೂರನೆಯ ಸಲ ತಂದು ಮೇಜಿನ ಮೇಲೆ ಹಾಕಿದಾಗ ದರ್ಜಿಯ ಪಿತ್ತ ನೆತ್ತಿಗೇರಿತು.

"ಮತ್ತೇನಪ್ಪಾ?"

"ಚುಚ್ಚುತ್ತಣ್ಣ. ಎಡಗಡೆ ಹೊಲಿಗೆ. ಇಲ್ಲಿಂದ ಇಲ್ಲೀವರೆಗೂ." ಚಾಲಕ ಬೆನ್ನಿನಿಂದ ಕಂಕುಳ ಕೆಳಗೆ ಹಾದು ಎದೆಯವರೆಗೆ ಬೆರಳಲ್ಲಿ ಗೆರೆ ಎಳೆದು ತೋರಿಸಿದ. ಆದರೆ ಬೆರಳು ಮೈಗೆ ತಾಗಿಸಲಿಲ್ಲ.

ದರ್ಜಿ ಮೂವತ್ತೆಂಟು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದ. ಹೊಲಿಗೆ ಚುಚ್ಚುತ್ತದೆ ಎಂದು ಅಂಗಿ ವಾಪಸು ತಂದ ಗಿರಾಕಿ ಇವನೇ ಮೊದಲು. ಮೊದಲ ಸಲ ದರ್ಜಿ ಹೊಲಿಗೆ ಬಿಚ್ಚಿ ಹೊಸ ದಾರದಲ್ಲಿ ಹೊಲಿದಿದ್ದ. ಎರಡನೆಯ ಸಲ ಒಳಗಡೆ ತೆಳುವಾದ ಹತ್ತಿ ಪಟ್ಟಿ ಇಟ್ಟು ಹೊಲಿದಿದ್ದ. ಈಗ ಹೊಲಿಗೆಯನ್ನು ತನ್ನ ಕೆನ್ನೆಗೇ ಉಜ್ಜಿ ನೋಡಿದ. ಬೆಣ್ಣೆಯ ಹಾಗಿತ್ತು.

"ಎರಡೂ ಕಡೆ ಅದೇ ದಾರ, ಅದೇ ಸೂಜಿ. ಬಲಗಡೆ ಚುಚ್ಚಲ್ಲ, ಎಡಗಡೆ ಮಾತ್ರ ಚುಚ್ಚುತ್ತೆ. ನನ್ನ ಮೆಷಿನ್ನಿಗೆ ನಿನ್ನ ಎಡಗಡೆ ಮೇಲೆ ಹಗೆನಾ?"

ಗುಂಡಿ ಹಾಕುತ್ತಿದ್ದ ದರ್ಜಿಯ ಹೆಂಡತಿ ಕಿಸಕ್ಕನೆ ನಕ್ಕಳು. "ಕೂಗಾಡೋದು ಬಿಟ್ಟು ಅಳತೆನಾದ್ರೂ ನೋಡ್ರೀ. ಬಿಗಿ ಆಗಿರಬಹುದು."

ದರ್ಜಿ ಕೊರಳಲ್ಲಿದ್ದ ಟೇಪು ತೆಗೆದು ಚಾಲಕನ ಎದೆಯ ಸುತ್ತ ತಂದ. ಟೇಪು ಎಡ ಪಕ್ಕೆಗೆ ತಾಗಿತೋ ಇಲ್ಲವೋ, ಚಾಲಕ ಚೀರಿ ಹಿಂದಕ್ಕೆ ಹಾರಿದ. ಸ್ಟೂಲು ಉರುಳಿತು. ಅವನು ಗೋಡೆ ಹಿಡಿದು ನಿಂತುಕೊಂಡ. ಮುಖದಲ್ಲಿ ರಕ್ತವೇ ಇರಲಿಲ್ಲ.

ದರ್ಜಿ ಕೈಯಲ್ಲಿದ್ದ ಟೇಪನ್ನೇ ನೋಡಿದ. ಹೂವಿನಷ್ಟೂ ತೂಕವಿಲ್ಲದ ವಸ್ತು ಅದು.

ಅಂಗಡಿಯ ಬೆಂಚಿನ ಮೇಲೆ ದರ್ಜಿಯ ನಾದಿನಿ, ಹೆಂಡತಿಯ ತಂಗಿ, ಕೂತಿದ್ದಳು. ಆರೋಗ್ಯ ಕೇಂದ್ರದಲ್ಲಿ ನರ್ಸ್ ಕೆಲಸ ಅವಳದು. ಕೋಟಿನ ಹರಿದ ಜೇಬು ಹೊಲಿಸಲು ಬಂದವಳು ಎದ್ದು ಹತ್ತಿರ ಬಂದಳು. "ಅಣ್ಣಾ, ಸ್ವಲ್ಪ ಈ ದೊಗಲೆ ಅಂಗಿ ಎತ್ತಿ."

ಬೆನ್ನುಮೂಳೆಯಿಂದ ಎದೆಯ ನಡುವಿನವರೆಗೆ, ಎಡಗಡೆ ಮಾತ್ರ, ಅರ್ಧ ಪಟ್ಟಿ ಕಟ್ಟಿದಂತೆ ಕಂದು ಕಲೆಗಳು. ಬಲಗಡೆ ಒಂದು ಚುಕ್ಕೆಯೂ ಇಲ್ಲ.

"ಸರ್ಪಸುತ್ತು ಆಗಿತ್ತಾ?"

"ಆಗಿತ್ತು ಸಿಸ್ಟರ್. ನಾಲ್ಕು ತಿಂಗಳಾಯ್ತು. ಗುಳ್ಳೆ ಎಲ್ಲಾ ಒಣಗಿ ಹೋಯ್ತಲ್ಲ?"

"ಗುಳ್ಳೆ ಎದ್ದ ಎಷ್ಟು ದಿನಕ್ಕೆ ಡಾಕ್ಟರ ಹತ್ರ ಹೋದ್ರಿ?"

"ಹತ್ತು ದಿನ ಬಿಟ್ಟು. ತಿಗಣೆ ಕಚ್ಚಿದೆ ಅಂದ್ಕೊಂಡು ಹಾಸಿಗೆನೇ ಬದಲಾಯಿಸಿದ್ದೆ."

"ಗುಳ್ಳೆ ಹೋಗಿದೆ, ನರದ ನೋವು ಉಳ್ಕೊಂಡಿದೆ. ಚುಚ್ತಿರೋದು ಹೊಲಿಗೆ ಅಲ್ಲಣ್ಣ, ನಿಮ್ಮ ನರ. ಅದಕ್ಕೂ ಔಷಧ ಇದೆ. ಹಲ್ಲು ಕಚ್ಕೊಂಡು ಕೂರಬೇಡಿ, ನಾಳೆನೇ ಕೇಂದ್ರಕ್ಕೆ ಬನ್ನಿ."

ಚಾಲಕ ಬೆಂಚಿನ ಮೇಲೆ ಕುಸಿದು ಕೂತ. ಆಮೇಲೆ ನಿಧಾನವಾಗಿ ಎಲ್ಲ ಹೊರಗೆ ಬಂತು. ಬಸ್ಸಿನ ಸೀಟು ಬೆಲ್ಟು ಹಾಕಿಕೊಳ್ಳಲಾಗುತ್ತಿಲ್ಲ. ನಾಲ್ಕು ತಿಂಗಳಿಂದ ಸ್ಟೇರಿಂಗು ಹಿಡಿದಿಲ್ಲ. ಕೇಳಿದವರಿಗೆಲ್ಲ ರಜೆ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. "ಅಂಗಿದೇ ತಪ್ಪು ಅಂದ್ಕೊಂಡಿದ್ದೆ ಅಣ್ಣ. ಅಂಗಿ ಆದ್ರೆ ರಿಪೇರಿ ಆಗುತ್ತಲ್ಲ."

ದರ್ಜಿ ಅಂಗಿಯನ್ನು ಮಡಚಿ ಅವನ ಕೈಗೆ ಕೊಟ್ಟು, ಬಾಗಿಲವರೆಗೆ ಹೋಗಿ ಬಿಟ್ಟು ಬಂದ.

ತಿರುಗಿದರೆ ನಾದಿನಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ಭಾವ, ನೀವು ಯಾವಾಗ ಬರ್ತೀರಿ? ಸರ್ಪಸುತ್ತಿಗೆ ಲಸಿಕೆ ಇದೆ."

"ಲಸಿಕೆನಾ? ನಾನೇನು ತೊಟ್ಟಿಲಲ್ಲಿ ಮಲಗಿದ್ದೀನಾ?"

"ಮಕ್ಕಳಿಗಲ್ಲ ಇದು. ಐವತ್ತು ದಾಟಿದೋರಿಗೆ. ಚಿಕ್ಕವರಿದ್ದಾಗ ನಿಮಗೆ ಸಿಡುಬಿನ ಹಾಗೆ ನೀರುಗುಳ್ಳೆ ಎದ್ದಿತ್ತಾ? ಚಿಕನ್ ಪಾಕ್ಸ್?"

"ಎದ್ದಿತ್ತು. ಹದಿನೈದು ದಿನ ಶಾಲೆ ತಪ್ಪಿತ್ತು. ಜೀವನದಲ್ಲಿ ನಾನು ಅಷ್ಟು ಖುಷಿಯಾಗಿದ್ದದ್ದು ಅವಾಗ್ಲೇ."

"ಆ ವೈರಸ್ಸು ನಿಮ್ಮ ಮೈ ಬಿಟ್ಟು ಹೋಗಿಲ್ಲ. ನರದ ಬುಡದಲ್ಲಿ ಮಲಗಿದೆ. ಸರ್ಪಸುತ್ತು ಅಂದ್ರೆ ಅದೇ ಮತ್ತೆ ಎದ್ದು ಬರೋದು. ಹೆಸರಲ್ಲಿ ಹಾವಿದೆ, ಮೈಯಲ್ಲಿಲ್ಲ."

"ಐವತ್ತು ವರ್ಷ ಏಳದ್ದು ಈಗ ಏಳುತ್ತಾ?"

"ಈಗಲೇ ಏಳೋದು! ವಯಸ್ಸಾಯ್ತು ಅಂದ್ರೆ ಮೈಯೊಳಗಿನ ಕಾವಲೂ ತೂಕಡಿಸುತ್ತೆ. ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಅಪಾಯ ಇನ್ನೂ ಜಾಸ್ತಿ."

"ಹಾಕಿಸ್ಕೊಂಡ್ರೆ ಬರೋದೇ ಇಲ್ಲ ಅಂತ ಬರೆದು ಕೊಡ್ತೀಯಾ?"

"ಕೊಡಲ್ಲ. ಯಾವ ಲಸಿಕೆಗೂ ಹಾಗೆ ಬರೆದು ಕೊಡಕ್ಕಾಗಲ್ಲ. ಬರೋ ಹತ್ತರಲ್ಲಿ ಒಂಬತ್ತನ್ನ ತಡೆಯುತ್ತೆ. ಎರಡು ಡೋಸು, ಎರಡರಿಂದ ಆರು ತಿಂಗಳ ಅಂತರದಲ್ಲಿ. ತೋಳು ನೋಯುತ್ತೆ, ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಸ್ವಲ್ಪ ದುಬಾರಿನೂ ಹೌದು. ನಾನು ಯಾವುದನ್ನೂ ಮುಚ್ಚಿಡಲ್ಲ."

"ನೋಡಿದ್ಯಾ!" ದರ್ಜಿ ಹೆಂಡತಿಯ ಕಡೆ ತಿರುಗಿದ. "ಶಾಲೆ ಸಮವಸ್ತ್ರ ನೂರಿಪ್ಪತ್ತು ಜೊತೆ ಕತ್ತರಿಸೋದಿದೆ. ನಾನು ಎರಡು ದಿನ ಮಲಗಿದ್ರೆ ನಿನ್ನ ತಂಗಿ ಬಂದು ಕತ್ತರಿಸ್ತಾಳಾ?"

ಹೆಂಡತಿ ಹಲ್ಲಿನಲ್ಲಿ ದಾರ ಕಡಿದಳು. "ಎರಡು ದಿನಕ್ಕೆ ಅಳ್ತೀರಿ. ಆ ಮನುಷ್ಯ ನಾಲ್ಕು ತಿಂಗಳಿಂದ ಕೂತಿದ್ದಾನೆ. ನಾನಂತೂ ಹಾಕಿಸ್ಕೊತೀನಿ. ನೀವು ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಇಲ್ಲೇ ಕೂತು ನಿಮ್ಮ ಮೆಷಿನ್ ಕಾಯಿರಿ."

ದರ್ಜಿ ಅಂದು ಗೊಣಗುತ್ತಲೇ ಬಟ್ಟೆ ಕತ್ತರಿಸಿದ. ಮಾರನೆಯ ಬೆಳಿಗ್ಗೆ ಅಂಗಡಿ ತೆರೆದು, ಎಂದಿನಂತೆ ಟೇಪನ್ನು ಕೊರಳಿಗೆ ಹಾಕಿಕೊಳ್ಳಲು ಹೋದವನು ಕೈ ತಡೆದು ನಿಂತ. ಸರ್ಪಸುತ್ತು ಕೊರಳಿಗೇ ಬಂದರೆ? ಈ ಟೇಪನ್ನು ಎಲ್ಲಿ ಹಾಕಿಕೊಳ್ಳುವುದು? ಕಣ್ಣಿನ ಹತ್ತಿರ ಬಂದರೆ ದೃಷ್ಟಿಗೇ ಅಪಾಯ ಎಂದು ನಾದಿನಿ ಹೋಗುವಾಗ ಹೇಳಿದ್ದಳು. ಕಣ್ಣಿಲ್ಲದೆ ಸೂಜಿಗೆ ದಾರ ಪೋಣಿಸುವುದು ಹೇಗೆ? ಬಟ್ಟೆ ಮೈಗೆ ತಾಗಿದರೆ ಕಿರುಚುವವನು ಬಟ್ಟೆ ಹೊಲಿದು ಬದುಕುವುದು ಹೇಗೆ? ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ. ಕಲಿಯುವ ವಯಸ್ಸೂ ಅಲ್ಲ, ಕಲಿಯುವ ಮನಸ್ಸೂ ಇರಲಿಲ್ಲ.

"ಏಳೇ," ಎಂದ ಹೆಂಡತಿಗೆ. "ನಡಿ."

"ಎಲ್ಲಿಗೆ?"

"ಎಲ್ಲಿಗೆ ಅಂತ ನಿನಗೆ ಗೊತ್ತಿಲ್ವಾ? ಸುಮ್ನೆ ಬಾ."

ಆರೋಗ್ಯ ಕೇಂದ್ರದಲ್ಲಿ ವೈದ್ಯೆ ಇಬ್ಬರನ್ನೂ ಕೂರಿಸಿಕೊಂಡು ವಿಚಾರಿಸಿದರು. ಯಾವುದಾದರೂ ಔಷಧ, ಲಸಿಕೆಗೆ ಹಿಂದೆ ಮೈ ಊದಿಕೊಂಡು ಉಸಿರು ಕಟ್ಟಿತ್ತೇ? ಇವತ್ತು ಜ್ವರ ಇದೆಯೇ? ಯಾವ ಮಾತ್ರೆ ನುಂಗುತ್ತಿದ್ದೀರಿ? ದರ್ಜಿಯೂ ಬಿಡಲಿಲ್ಲ. "ಸಕ್ಕರೆ ಇರೋರಿಗೆ ಆಗುತ್ತಾ? ಲಸಿಕೆಯಿಂದಲೇ ಸರ್ಪಸುತ್ತು ಬರಲ್ಲ ತಾನೇ? ಒಂದು ಸಲ ಬಂದು ಹೋದೋರು, ನಮ್ಮ ಚಾಲಕನಂಥೋರು, ಹಾಕಿಸ್ಕೊಬಹುದಾ?"

"ಸಕ್ಕರೆ ಇರೋರು ಹಾಕಿಸ್ಕೊಳ್ಳಲೇಬೇಕು. ಈ ಲಸಿಕೆಯಲ್ಲಿ ಜೀವ ಇರೋ ವೈರಸ್ಸೇ ಇಲ್ಲ, ಅದರಿಂದ ಕಾಯಿಲೆ ಬರಲ್ಲ. ಒಮ್ಮೆ ಬಂದೋರಿಗೆ ಮತ್ತೆ ಬರಬಹುದು, ಅದಕ್ಕೇ ಗುಳ್ಳೆ ಪೂರ್ತಿ ವಾಸಿಯಾದ ಮೇಲೆ ಅವರೂ ಹಾಕಿಸ್ಕೊಬೇಕು. ಸರಿ, ಯಾವ ತೋಳಿಗೆ ಹಾಕಲಿ?"

"ಎಡಕ್ಕೆ. ಬಲಗೈ ಕತ್ತರಿದು."

ಮರುದಿನ ಎಡತೋಳು ಒನಕೆಯಷ್ಟು ಭಾರವಾಯಿತು. ಮೈ ಬಿಸಿಯಾಯಿತು. ದರ್ಜಿ ಚಾಪೆಯ ಮೇಲೆ ಮಲಗಿ ನಾದಿನಿಯ ವಂಶವನ್ನೆಲ್ಲ ಬೈದ. ಅದು ತನ್ನ ವಂಶವೂ ಹೌದೆಂದು ಹೆಂಡತಿ ನೆನಪಿಸಿದಳು. ಅವಳಿಗೂ ತೋಳು ನೋಯುತ್ತಿತ್ತು, ಆದರೆ ಬೈಯುವಷ್ಟು ಅಲ್ಲ. ಮೂರನೆಯ ದಿನ ಇಬ್ಬರೂ ಅಂಗಡಿಯಲ್ಲಿದ್ದರು. ಸಮವಸ್ತ್ರ ಹೇಳಿದ ದಿನಕ್ಕೇ ಮುಗಿಯಿತು.

ಎರಡು ತಿಂಗಳು ಕಳೆದು ಎರಡನೆಯ ಡೋಸಿನ ದಿನ ಬಂದಾಗ ದರ್ಜಿ ಮತ್ತೆ ರಾಗ ತೆಗೆದ. "ಒಂದು ಹಾಕಿಸ್ಕೊಂಡಾಯ್ತಲ್ಲ. ಅಷ್ಟು ಸಾಕು ಬಿಡೆ."

"ಗಿರಾಕಿಗೆ ಒಂದೇ ತೋಳಿರೋ ಅಂಗಿ ಕೊಟ್ಟು, ಅಷ್ಟು ಸಾಕು ಬಿಡು ಅಂತೀರಾ?"

ದರ್ಜಿ ಕತ್ತರಿ ಕೆಳಗಿಟ್ಟ. ಅರ್ಧ ಕೆಲಸ ಮಾಡಿ ಬಿಡುವವನು ಎಂಬ ಮಾತನ್ನು ಅವನು ಯಾರಿಂದಲೂ ಕೇಳಿಸಿಕೊಂಡವನಲ್ಲ. ಚಪ್ಪಲಿ ಮೆಟ್ಟಿದ.

ಚಾಲಕ ಔಷಧ ತೆಗೆದುಕೊಳ್ಳುತ್ತಿದ್ದಾನೆ. ನೋವು ಕಡಿಮೆಯಾಗುತ್ತಿದೆ, ಪೂರ್ತಿ ಹೋಗಿಲ್ಲ. ಬಸ್ಸು ಇನ್ನೂ ಹತ್ತಿಲ್ಲ. ಅವನು ಆಗಾಗ ಅಂಗಡಿಗೆ ಬಂದು ಕೂರುತ್ತಾನೆ. ದರ್ಜಿಗೂ ಈಗ ಒಂದು ಹೊಸ ಚಾಳಿ ಹತ್ತಿದೆ. ಎದೆಯ ಅಳತೆ, ತೋಳಿನ ಅಳತೆ ಬರೆದುಕೊಂಡ ಮೇಲೆ ತಲೆ ಎತ್ತಿ, "ವಯಸ್ಸೆಷ್ಟು?" ಎನ್ನುತ್ತಾನೆ.

"ಅಂಗಿ ಹೊಲಿಯಕ್ಕೆ ವಯಸ್ಸು ಯಾಕ್ರೀ?"

"ಐವತ್ತು ದಾಟಿದೆ ತಾನೇ? ಸರ್ಪಸುತ್ತಿನ ಲಸಿಕೆ ಆಯ್ತಾ? ಇಲ್ವಾ? ಇಲ್ಲಿ ಕೂತಿದ್ದಾನಲ್ಲ, ಇವನ ಹತ್ರ ಐದು ನಿಮಿಷ ಮಾತಾಡು. ಆಮೇಲೆ ಅಂಗಿ ಮಾತು."

ಚಾಲಕ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿಕೊಡುತ್ತಾನೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮಗೂ ಐವತ್ತು ದಾಟಿದೆಯೇ? ಹಾಗಾದರೆ ನನಗೇನಾಗುತ್ತದೆ ಎಂಬ ಜಂಬ ಬಿಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನಿಮ್ಮ ಕಾಯಿಲೆ, ನಿಮ್ಮ ಮಾತ್ರೆ ಎಲ್ಲ ಹೇಳಿ, ಸರ್ಪಸುತ್ತಿನ ಲಸಿಕೆ ನನಗೆ ಆಗುತ್ತದೆಯೇ ಎಂದು ಬಾಯಿ ಬಿಟ್ಟು ಕೇಳಿ. ಅನುಮಾನ ಇದ್ದರೆ ಜಗಳ ಆಡಿಯಾದರೂ ಕೇಳಿ, ಯಾರೂ ಬೇಡ ಅನ್ನುವುದಿಲ್ಲ. ಹಾಕಿಸಿಕೊಂಡರೆ ಎರಡೂ ಡೋಸು ಹಾಕಿಸಿಕೊಳ್ಳಿ. ಮೈಯ ಒಂದೇ ಪಕ್ಕದಲ್ಲಿ ಉರಿ, ನೋವು, ಗುಳ್ಳೆ ಕಂಡರೆ ತಿಗಣೆ ಹುಡುಕುತ್ತ ಕೂರಬೇಡಿ. ಮೂರು ದಿನದೊಳಗೆ ಔಷಧ ಶುರುವಾಗಬೇಕು, ಅವತ್ತೇ ಓಡಿ. ದುಡಿಯುವ ಮೈ ನಿಮ್ಮದು. ಅದಕ್ಕಾಗಿ ಎರಡು ದಿನದ ತೋಳು ನೋವು ತಡೆದುಕೊಳ್ಳಲು ಆಗುವುದಿಲ್ಲವೇ? ಆಗುತ್ತದೆ. ಏಳಿ, ಮನೆಯಲ್ಲಿರುವ ಹಿರಿಯರನ್ನೂ ಕರೆದುಕೊಂಡು ಹೊರಡಿ.